ಪಾಲಾಗದ ಹೊಗೆಗೂಡು

ಕಮಲಾಪುರದ ಫರೀದಾಳಿಗೆ ಆವತ್ತು ಒಲೆಯ ಮೇಲೆ ಕೈ, ಬಾಗಿಲ ಮೇಲೆ ಕಣ್ಣು. ಮಗಳು ಮದಿಹಾಳನ್ನು ನೋಡಲು ಕಲಬುರಗಿಯ ರೋಜಾ ಬಡಾವಣೆಯಿಂದ ಗಂಡಿನವರು ಊಟಕ್ಕೆ ಬರುವವರಿದ್ದರು. ಎಲ್ಲ ಇತ್ತು, ದಿಲ್ಶಾದ್ ಬೇಗಂ ಒಬ್ಬಳೇ ಇರಲಿಲ್ಲ. ಫರೀದಾಳ ಹಿರಿಯ ಓರಗಿತ್ತಿ ಆಕೆ. ಮದಿಹಾಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು. ಅಣ್ಣತಮ್ಮಂದಿರು ಮನೆ ಪಾಲು ಮಾಡಿ ಅಡುಗೆಮನೆಯ ನಡುವೆ ಗೋಡೆ ಎತ್ತಿದಾಗಿನಿಂದ ಇಬ್ಬರ ಮಾತೂ ಬಂದ್. ಕರೆಯಬೇಕೆಂದು ಜೀವ ಒದ್ದಾಡುತ್ತಿತ್ತು, ಹಾಳಾದ ನಾಲಿಗೆ ಏಳುತ್ತಿರಲಿಲ್ಲ.

ಬಗಾರಾ ಅನ್ನದ ಒಗ್ಗರಣೆ ಚುರ್ ಎಂದದ್ದೇ ಹೊಗೆ ಎಳೆಯುವ ಹೊಸ ಕರೆಂಟ್ ಚಿಮಣಿಯ ಗುಂಡಿ ಒತ್ತಿದಳು. ಸ್ಟೇಶನ್ ಬಜಾರದಲ್ಲಿ ಅಂಗಡಿ ಇಟ್ಟಿರುವ ಅಕ್ಕನ ಮಗ ಸರ್ಫರಾಜ್ ಬೆಳಿಗ್ಗೆಯಷ್ಟೇ ಬಂದು ಕೂಡಿಸಿದ್ದ. ಹೊಗೆ, ಘಾಟು ಎಲ್ಲ ಭರ್ರನೆ ಮೇಲಕ್ಕೆ ಹೋಯಿತು. ಅಬ್ಬಾ ಎನ್ನುವಷ್ಟರಲ್ಲಿ ಚಿಮಣಿಯ ಮೇಲಿನಿಂದ ಯಾರೋ ಕೆಮ್ಮಿದರು!

ಗೋಡೆಗೆ ಕಿವಿ ಇರುತ್ತದೆಂದು ಕೇಳಿದ್ದಳು. ಕೆಮ್ಮು ಇರುತ್ತದೆಂದು ಯಾವ ಪುಣ್ಯಾತ್ಮರೂ ಹೇಳಿರಲಿಲ್ಲ. ಯಂತ್ರವೇ ಕೆಮ್ಮುತ್ತಿದೆಯೋ ಏನೋ! ಆರಿಸಿದಳು, ಕೆಮ್ಮು ಇಳಿಯಿತು. ಹಚ್ಚಿದಳು, ಮತ್ತೆ ಶುರು. ಸರ್ಫರಾಜ್‌ನಿಗೆ ಫೋನ್ ಹಚ್ಚಿದಳು.

“ಇದರ ಪೈಪ್ ಎಲ್ಲಿ ಬಿಟ್ಟೀಯೋ?”

“ಹಳೀ ಹೊಗಿಗೂಡಿನ್ಯಾಗ, ಖಾಲಾ. ಸುಮ್ನ ಗ್ವಾಡಿ ಯಾಕ ಒಡೀಬೇಕು ಅಂತ.”

ಆಗ ಹೊಳೆಯಿತು. ಅಂಗಳ ಪಾಲಾಗಿತ್ತು, ಕಚ್ಚಾಡಿ ಹಂಡೆ ಚರಿಗೆಗಳೂ ಪಾಲಾಗಿದ್ದವು. ಮಾಳಿಗೆಯ ಮೇಲಿನ ಹೊಗೆಗೂಡು ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ. ಎರಡೂ ಕಡೆಯ ಒಲೆಗೆ ಅದೊಂದೇ. ಇತ್ತ ನೂಕಿದ ಘಾಟೆಲ್ಲ ಅತ್ತ ದಿಲ್ಶಾದಳ ಅಡುಗೆಮನೆಗೆ ಇಳಿಯುತ್ತಿತ್ತು. ಆಕೆಗೋ ಮೊದಲೇ ದಮ್ಮು.

ಬೇಕಂತಲೇ ಮಾಡಿದೆನೆಂದು ತಿಳಿದರೆ? ಯಂತ್ರ ನಿಲ್ಲಿಸಿದರೆ ಬಂದವರು ಹೊಗೆಯಲ್ಲಿ ಕೂಡಬೇಕು, ಬಿಟ್ಟರೆ ದಿಲ್ಶಾದ್ ಭಾಬಿಯ ಉಸಿರು ಕಟ್ಟುತ್ತದೆ. ಫರೀದಾಳಿಗೆ ದಿಕ್ಕೇ ತೋಚಲಿಲ್ಲ. ಕಡೆಗೆ ಗುಂಡಿ ಆರಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಓಡಿ ಆ ಬಾಗಿಲು ಬಡಿದಳು.

ದಿಲ್ಶಾದ್ ಮೂಗು ಮುಚ್ಚಿಕೊಂಡೇ ಬಾಗಿಲು ತೆಗೆದಳು.

“ಮಾಫ್ ಮಾಡ್ರಿ ಭಾಬಿ, ಖರೇನ ಗೊತ್ತಿದ್ದಿಲ್ಲ. ಹೊಗಿ ಈ ಕಡಿ ಬರ್ತದಂತ...”

“ಮದಿಹಾನ್ನ ನೋಡ್ಲಿಕ್ಕ ಮಂದಿ ಬರಾಕತ್ತಾರಂತ ಓಣಿಗೆಲ್ಲ ಗೊತ್ತದ,” ಎಂದಳು ದಿಲ್ಶಾದ್. ಕೆಮ್ಮು ತಡೆದು ಮತ್ತೆ ಅಂದಳು, “ನಿನ್ನ ಮನ್ಯಾಗಿಂದ ನನಗ ಬಂದದ್ದು ಬರೀ ಹೊಗಿ.”

ಫರೀದಾ ಹೊಸ್ತಿಲ ಒಳಗೆ ಕಾಲಿಟ್ಟಳು. ಆಕೆಯ ಕೈ ಹಿಡಿದು, “ಈಗ ನಾನ ಬಂದೀನಲ್ರಿ,” ಎಂದಳು.

ದಿಲ್ಶಾದ್ ಕೈ ಬಿಡಿಸಿಕೊಳ್ಳಲಿಲ್ಲ. ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದಳು.