ಬಾಚಣಿಗೆ ಡಬ್ಬಿಯ ಕಡ್ಡಿ

ಬಿಳಿ ಬಟ್ಟೆಯನ್ನು ಮೇಷ್ಟ್ರ ಕುತ್ತಿಗೆಗೆ ಸುತ್ತಿ ಗಂಟು ಹಾಕುವಾಗಲೂ ಕ್ಷೌರಿಕನ ಕಣ್ಣು ಕಿಟಕಿಯ ಹತ್ತಿರದ ಮರದ ಮೇಲೇ ಇತ್ತು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನಲವತ್ತು ವರ್ಷ ಬೆಳೆದು ಮೊಳದುದ್ದಕ್ಕೇ ನಿಂತ ಎಲ್ಮ್ ಜಾತಿಯ ಬೋನ್ಸಾಯ್ ಮರ ಅದು. ಹೋದ ತಿಂಗಳು ಬಂದಾಗ ಕಿರುಬೆರಳಿನ ಉಗುರಿನಷ್ಟು ಎಲೆಗಳು ಒತ್ತೊತ್ತಾಗಿ ಇದ್ದವು. ಈಗ ಒಂದೂ ಇಲ್ಲ.

"ಸತ್ತಿದೆ. ನೋಡೋದೇನಿದೆ ಅದರಲ್ಲಿ?" ಅಂದರು ಮೇಷ್ಟ್ರು. "ನೀನು ಕತ್ತರಿ ಆಡಿಸು."

ಅವರು ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ನಿವೃತ್ತರಾಗಿ ಹದಿನೈದು ವರ್ಷವಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನ ಮಗಳ ಮನೆಯಲ್ಲಿದ್ದು ಬಂದಿದ್ದರು. ಹೋಗುವ ಮೊದಲು ಮರವನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಬೆಳಕಿಲ್ಲ, ನೀರಿಲ್ಲ, ಗಾಳಿಯೂ ಇಲ್ಲ. ಇನ್ನೇನಾಗಬೇಕು?

"ನೀರು ಹಾಕೋಕೆ ನಾನು ದಿನಾ ಬಂದು ಹೋಗ್ತೀನಿ ಅಂದಿದ್ನಲ್ಲ ಮೇಷ್ಟ್ರೇ."

"ಅಂದಿದ್ದೆ."

ಅಷ್ಟೇ. ಆ ಒಂದು ಮಾತಿನ ಹಿಂದೆ ಏನಿದೆ ಎಂದು ಕ್ಷೌರಿಕನಿಗೆ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವನ ಕೈ ತಾನಾಗಿಯೇ ಜೇಬಿನಲ್ಲಿದ್ದ ಬಾಚಣಿಗೆ ಡಬ್ಬಿಯನ್ನು ಮುಟ್ಟಿ ನೋಡಿತು.

ಮೇಷ್ಟ್ರು ಯಾರಿಗೂ ಆ ಮರದ ಕಡ್ಡಿ ಕೊಟ್ಟವರಲ್ಲ. ವಿದ್ಯೆಯನ್ನು ಮಾತ್ರ ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಕೊಡುತ್ತಿದ್ದರು. ಪೆನ್ಸಿಲ್ ದಪ್ಪದ ಕಡ್ಡಿ ತಗೋ, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸು, ಮರಳಲ್ಲಿ ನೆಡು, ತೇವ ಆರದ ಹಾಗೆ ಮುಚ್ಚಿಡು. "ಚಿಗುರು ಬಂತು ಅಂತ ಕುಣೀಬೇಡ. ಅದು ಕಡ್ಡೀಲಿ ಉಳಿದಿರೋ ರಸದ ಆಟ. ಬೇರು ಬಂದ ಮೇಲೆ ಮಾತಾಡು." ಇಷ್ಟೆಲ್ಲ ಹೇಳಿ, ಕಡ್ಡಿ ಕೇಳಿದರೆ ಮುಖ ತಿರುಗಿಸುತ್ತಿದ್ದರು. ಸವರಿದ ಚೂರುಗಳನ್ನೆಲ್ಲ ಬುಟ್ಟಿಗೆ ಹಾಕಿ, ಕೆಟಲ್‌ನಿಂದ ಕುದಿಯುವ ನೀರು ಸುರಿದು ಕಸಕ್ಕೆ ಹಾಕುವುದು ಅವರ ಪದ್ಧತಿ. ಕಸದಿಂದ ಯಾರಾದರೂ ಆರಿಸಿಕೊಂಡು ಹೋದರೂ ಕಡ್ಡಿ ಬದುಕಬಾರದು ಎಂದು.

ಎರಡು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ಅಂದಿನಿಂದ ಅವರ ತಲೆಯ ಜೊತೆಗೆ ಮರದ ತಲೆಯೂ ಕ್ಷೌರಿಕನ ಪಾಲಿಗೆ ಬಂತು. ಮೇಷ್ಟ್ರು ಬೆರಳು ತೋರಿಸುವರು, ಇವನು ಕತ್ತರಿಸುವನು. ಹಾಗೆ ಕತ್ತರಿಸುವಾಗ ಒಂದು ಸಲ ಒಂದು ಕಡ್ಡಿ ಬಾಚಣಿಗೆ ಡಬ್ಬಿಗೆ ಜಾರಿತು. ತಾನು ಕದ್ದೆ ಎಂದು ಅವನಿಗೆ ಗೊತ್ತಾದದ್ದು ಮನೆಗೆ ಹೋಗಿ ಡಬ್ಬಿ ತೆರೆದ ಮೇಲೆ. ಆಮೇಲಿನ ಹತ್ತು ಸಲ ಮಾತ್ರ ಗೊತ್ತಿದ್ದೇ ಕದ್ದ.

ಮೇಷ್ಟ್ರ ಕಡ್ಡಿಯ ಮೇಲೆ ಕಲಿಯಲು ಮನಸ್ಸು ಬಾರದೆ ಬೀದಿಯ ಎಲ್ಮ್ ಮರದ ಹದಿನೈದು ಕಡ್ಡಿಗಳನ್ನೂ ತಂದು ನೆಟ್ಟಿದ್ದ. ಎಲ್ಲಕ್ಕೂ ಒಂದೇ ಅಳತೆಯ ಡಬ್ಬಿ. ಗುರುತಿಗೆ ಮೇಷ್ಟ್ರದ್ದಕ್ಕೆ ಕರಿ ಬಾಚಣಿಗೆಯ ಮುರಿದ ತುಂಡು, ಬೀದಿಯದ್ದಕ್ಕೆ ಬಿಳಿ ತುಂಡು. ಊರವರ ಜುಟ್ಟೆಲ್ಲ ಅವನ ಕೈಯಲ್ಲಿದ್ದರೂ ಅವನ ಜುಟ್ಟು ಇದ್ದದ್ದು ಹೆಂಡತಿಯ ಕೈಯಲ್ಲಿ. ಒಂದು ದಿನ ಅವಳು ಹಿತ್ತಲು ಚೊಕ್ಕ ಮಾಡಿದಳು.

"ರೀ, ನಿಮ್ಮ ಮುರಿದ ಬಾಚಣಿಗೆ ಎಲ್ಲಾ ಗಿಡದ ಡಬ್ಬಿಗೆ ಬಿದ್ದಿತ್ತು. ಆರಿಸಿ ತೊಳೆದು ಇಟ್ಟಿದೀನಿ," ಅಂದಳು, ಹೊಗಳಿಕೆಗೆ ಕಾದು. ಡಬ್ಬಿಗಳನ್ನೂ ಗಿಡದ ಎತ್ತರ ನೋಡಿ ಸಾಲಾಗಿ ಜೋಡಿಸಿಬಿಟ್ಟಿದ್ದಳು.

ಬೈಯುವುದಕ್ಕೂ ಅವನಿಗೆ ಬಾಯಿಲ್ಲ. ಏನೆಂದು ಬೈಯುವುದು, ಕದ್ದ ಮಾಲಿನ ಗುರುತು ಕಿತ್ತೆ ಎಂದೇ? ಇಪ್ಪತ್ತಾರರಲ್ಲಿ ಬದುಕಿದ್ದು ನಾಲ್ಕು. ಆ ನಾಲ್ಕೂ ಇವತ್ತು ಮೇಷ್ಟ್ರ ಬಾಗಿಲ ಪಕ್ಕ, ಕ್ಷೌರದ ಸಾಮಾನಿನ ಚೀಲದಲ್ಲಿ ಕೂತಿದ್ದವು. ಬೀಗ ಹಾಕಿದ ಕೋಣೆಯಲ್ಲಿ ಮರ ಸತ್ತ ಸುದ್ದಿ ನಿನ್ನೆಯೇ ಅವನ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಕೊಡೋಣ ಎಂದು ಹೊರಟವನು, ಬೀದಿ ತಿರುವಿನಲ್ಲಿ ಬೇಡ ಎಂದುಕೊಂಡಿದ್ದ. ಕೊಟ್ಟರೆ ಕಳ್ಳ. ಕೊಡದಿದ್ದರೆ ಮರದ ಕೊನೆಯ ಕುಡಿ ತನ್ನ ಹಿತ್ತಲಲ್ಲಿದೆ ಎಂದು ಗೊತ್ತಿದ್ದೂ ಈ ಮನುಷ್ಯನ ತಲೆ ಮುಟ್ಟಬೇಕು. ಅದರಲ್ಲೂ ಕೊನೆಯ ಕುಡಿ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಕಳ್ಳ ಎನ್ನಿಸಿಕೊಂಡು ಬೀದಿ ಮರದ ಕಡ್ಡಿ ಕೊಟ್ಟಂತಾದರೆ?

ಬಲಗಡೆಯ ಕೂದಲು ಮುಗಿಯಿತು. ಎಡಕ್ಕೆ ಬಂದವನ ಕತ್ತರಿ ಸುಮ್ಮನೆ ಗಾಳಿಯಲ್ಲಿ ಆಡುತ್ತಿತ್ತು.

"ಏನಯ್ಯಾ, ಸದ್ದು ಬರ್ತಿದೆ, ಕೂದಲು ಬೀಳ್ತಿಲ್ಲ."

"ಮೇಷ್ಟ್ರೇ, ನಾನು ನಿಮ್ಮ ಮರದ ಕಡ್ಡಿ ಕದ್ದಿದೀನಿ."

ಅವನು ಚೀಲ ತಂದು ನಾಲ್ಕು ಡಬ್ಬಿಗಳನ್ನೂ ಅವರ ಮುಂದಿನ ಮೇಜಿನ ಮೇಲಿಟ್ಟ. ಬಾಚಣಿಗೆಯ ಕಥೆಯನ್ನೂ, ಹೆಂಡತಿಯ ಚೊಕ್ಕತನವನ್ನೂ ಹಿಂದುಮುಂದಾಗಿ ಹೇಳಿದ. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ.

ಅರ್ಧ ಕತ್ತರಿಸಿದ ತಲೆ, ಕುತ್ತಿಗೆಗೆ ಬಿಳಿ ಬಟ್ಟೆ. ಹಾಗೇ ಬಗ್ಗಿ ಮೇಷ್ಟ್ರು ಹೊಸ ಕಣ್ಣಿನಿಂದ ಒಂದೊಂದೇ ಎಲೆಯನ್ನು ನೋಡಿದರು, ಬೆರಳಿನಿಂದ ತಿಕ್ಕಿದರು.

"ಎಲ್ಮ್ ಅಂತೂ ಹೌದು."

"ನಿಮ್ಮದಾ ಮೇಷ್ಟ್ರೇ?"

"ಎಲೆ ನೋಡಿದ್ರೆ ಹೇಗೆ ಗೊತ್ತಾಗುತ್ತೆ? ತಟ್ಟೇಲಿ ಬೆಳೆದಿದ್ದಕ್ಕೆ ಎಲೆ ಸಣ್ಣಗಿತ್ತು. ಬಿಟ್ಟು ಬೆಳೆಸಿದ್ರೆ ಅದರ ಮಕ್ಕಳೂ ಬೀದಿ ಮರದ ಹಾಗೇ ಇರ್ತಾವೆ." ಒಂದು ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಎಳೆದರು. ಅದು ಮಣ್ಣು ಬಿಡಲಿಲ್ಲ. "ಬೇರು ಚೆನ್ನಾಗಿ ಹಿಡಿದಿದೆ. ಎಷ್ಟು ಸಲ ಕದ್ದೆ?"

"ಹನ್ನೊಂದು ಸಲ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ನನ್ನ ಮೇಲೆ ಅನುಮಾನ ಬಂದೇ ಬೀಗ ಹಾಕಿದ್ರಾ?" ಅಂದ. ಕೇಳಬಾರದು ಎಂದು ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತು.

ಮೇಷ್ಟ್ರು ನಾಲ್ಕರಲ್ಲಿ ಒಂದನ್ನು ತಮ್ಮ ಕಡೆಗೆ ಎಳೆದುಕೊಂಡರು. ನೆಟ್ಟಗಿದ್ದ ಮೂರನ್ನು ಬಿಟ್ಟು, ನಡುವೆ ಸೊಟ್ಟಗೆ ತಿರುಗಿದ್ದನ್ನು.

"ಅದೇ ನಿಮ್ಮದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಅಂತ ಯಾರು ಹೇಳಿದ್ರು?" ಅವರ ಬೆರಳು ಗಿಡದ ತುದಿಯ ಬಳಿ ನಡುಗುತ್ತ ನಿಂತಿತು. "ಇಲ್ಲಿ. ಈ ಚಿಗುರು ಕಣ್ಣಿನ ಮೇಲೆ ಕತ್ತರಿಸು. ಓರೆಯಾಗಿ."

ಅವನು ಕತ್ತರಿಸಿದ. ತುದಿ ಬಿಳಿ ಬಟ್ಟೆಯ ಮೇಲೆ, ನರೆಗೂದಲ ನಡುವೆ ಬಿತ್ತು. ಮೇಷ್ಟ್ರು ತಡಕಾಡಿ ಅದನ್ನು ಹೆಕ್ಕಿ, ಅಂಟಿದ ಕೂದಲನ್ನು ಊದಿ ಅವನ ಕಡೆ ಚಾಚಿದರು.

ಮೂಲೆಯಲ್ಲಿ ಗಡ್ಡದ ಬಿಸಿನೀರಿಗೆಂದು ಇಟ್ಟಿದ್ದ ಕೆಟಲ್ ಆಗಲೇ ಕುದಿಯತೊಡಗಿತ್ತು. ಕ್ಷೌರಿಕ ಕಡ್ಡಿ ಹಿಡಿದುಕೊಂಡು ಅತ್ತ ನೋಡಿದ, ಮೇಷ್ಟ್ರ ಮುಖ ನೋಡಿದ. ಬುಟ್ಟಿ ಎಲ್ಲಿದೆ ಎಂದು ಕೇಳಬೇಕೋ ಬೇಡವೋ ತಿಳಿಯಲಿಲ್ಲ.

"ಅದನ್ನ ಆಫ್ ಮಾಡು," ಅಂದರು ಮೇಷ್ಟ್ರು. "ಆಮೇಲೆ ಈ ಕಡೆ ಕೂದಲು ಮುಗಿಸು."

ಅವನು ಆಫ್ ಮಾಡಿದ. ನೀರಿನ ಸದ್ದು ನಿಧಾನಕ್ಕೆ ಇಳಿಯಿತು. ಎಡಗೈ ಅಭ್ಯಾಸಬಲದಿಂದ ಆಗಲೇ ಜೇಬಿನಲ್ಲಿದ್ದ ಬಾಚಣಿಗೆ ಡಬ್ಬಿಯ ಮುಚ್ಚಳ ತೆಗೆದಿತ್ತು. ಅವನು ಅದನ್ನು ಹೊರಗೆ ತೆಗೆದು, ಮೇಷ್ಟ್ರಿಗೆ ಕಾಣುವ ಹಾಗೆ ಮೇಜಿನ ಮೇಲೆ ತೆರೆದಿಟ್ಟು, ಕಡ್ಡಿಯನ್ನು ಅದರಲ್ಲಿ ಮಲಗಿಸಿದ.