ಹಳ್ಳ ದಾಟಿದ ಹೊರಸು

ಚನ್ನವೀರಮ್ಮ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಹಳ್ಳದಾಚೆ ಕರ್ನಾಟಕದ ಎಮ್ಮೆಗಳೂ ಮೇಯುವುದು ಬಿಟ್ಟು ತಲೆ ಎತ್ತುತ್ತವೆ ಎಂದು ಅವಳ ಹೊಲದ ಕೂಲಿಯವರು ಹೇಳುತ್ತಿದ್ದರು. ಮಾತಿಗೆ ಒಂದಿಷ್ಟು ಉಪ್ಪುಖಾರ ಹಚ್ಚಿದ್ದರೂ ಪೂರಾ ಸುಳ್ಳೇನಲ್ಲ. ಕೆ.ಟಿ. ದೊಡ್ಡಿ ಮಂಡಲದ ಕಟ್ಟಕಡೆಯ ಹೊಲ ಅವಳದು. ಹಳ್ಳದ ಈ ದಡಕ್ಕೆ ತೆಲಂಗಾಣ ಮುಗಿದು ಆ ದಡಕ್ಕೆ ರಾಯಚೂರು ಸೀಮೆ ಶುರುವಾಗುತ್ತದೆ. ಎಮ್ಮೆಗಳಿಗೂ ಕೂಗಿಗೂ ಗಡಿ ಯಾರು ಹೇಳಿಕೊಟ್ಟಿದ್ದಾರೆ?

ಅಂದು ಬೆಳಿಗ್ಗೆಯೂ ಅವಳು ಕೂಗಾಡುತ್ತಲೇ ಇದ್ದಳು. ಬೀಜದ ಹತ್ತಿಯ ಹೊಲವೆಂದರೆ ಬೆಳಗಿನ ಹೊತ್ತು ಮದುವೆ ಮನೆಯೇ ಸರಿ. ಹಿಂದಿನ ಸಂಜೆ ಮೊಗ್ಗು ಬಿಡಿಸಿ ಗುರುತಿಟ್ಟ ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿಯನ್ನು ಬಿಸಿಲೇರುವ ಮೊದಲೇ ಮುಟ್ಟಿಸಿ ಮುಗಿಸಬೇಕು. ಹೊತ್ತು ಮೀರಿದರೆ ಹೂವು ಬಾಯಿ ಮುಚ್ಚುತ್ತದೆ, ಚನ್ನವೀರಮ್ಮ ಬಾಯಿ ತೆರೆಯುತ್ತಾಳೆ. ಗಂಡಸರೆಲ್ಲ ಗದ್ವಾಲಕ್ಕೆ ಹೋಗಿದ್ದರು. ಮಗ ಗುರುಲಿಂಗ ಮನೆಯಲ್ಲಿದ್ದ ಒಂದೇ ಮೋಟಾರ್ ಸೈಕಲ್ಲನ್ನೂ ಒಯ್ದಿದ್ದ. ಹೊಲದಲ್ಲಿ ಇದ್ದವರು ಬರೀ ಹೆಂಗಸರು.

"ಏ ಕಿಷ್ಟಿ! ಹೂವಿಗೆ ಮುತ್ತು ಕೊಡಾಕತ್ತೀ ಏನು? ಜಲ್ದಿ ಜಲ್ದಿ ಸಾಗು!"

"ಸಾಗ್ತೀನಿ ದೊರಸಾನಿ. ನಿನ್ನ ನಾಲಿಗಿ ಓಡಿದಂಗ ಕೈ ಓಡ್ಬೇಕಂದ್ರ ದೇವ್ರು ನಂಗ ಇನ್ನೊಂದು ಜನ್ಮ ಕೊಡ್ಬೇಕು" ಎಂದಳು ಕಿಷ್ಟಮ್ಮ, ತಲೆ ಎತ್ತದೆಯೇ.

ಹೆಂಗಸರು ಕಿಸಕ್ಕನೆ ನಕ್ಕರು. ಕಿಷ್ಟಮ್ಮ ಮಕ್ತಲ್ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಕುರುಮಯ್ಯ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ ವರ್ಷಕ್ಕೊಮ್ಮೆ ಮುಖ ತೋರಿಸುವವನು. ಚನ್ನವೀರಮ್ಮ ವಿಧವೆಯಾಗಿ ಹೊಲಕ್ಕೆ ಇಳಿದ ದಿನದಿಂದಲೂ ಅವಳ ಜೊತೆ ದುಡಿದವಳು ಇವಳೇ. ಇಬ್ಬರಿಗೂ ಜಗಳವಾಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಅಷ್ಟರಲ್ಲಿ ಕಿಷ್ಟಮ್ಮ "ಅಮ್ಮಾ!" ಎಂದು ಚೀರಿ ಸಾಲಿನೊಳಗೆ ಕುಸಿದಳು. ಹೂವು ಹುಡುಕುತ್ತ ಅವಳು ಬಗ್ಗಿಸಿದ ಗಿಡದ ಬುಡದಿಂದ ದಪ್ಪನೆಯದೊಂದು ಬುಸುಗುಟ್ಟುತ್ತ ಪಕ್ಕದ ಸಾಲಿಗೆ ಸರಿಯಿತು. ಮೈತುಂಬ ಕಂದು ಸರಪಳಿ ಬರೆದಂಥ ಗುರುತು.

"ಕೊಳಕಮಂಡಲ!" ಎಂದು ಕಿರುಚಿದಳು ಮೊಗುಲಮ್ಮ. ಕೂಲಿಯವರಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. "ಹೋತು, ಮುಗೀತು! ಮಂತ್ರದ ನಾಗಯ್ಯನ್ನ ಕರೀರಿ!"

"ನಾಗಯ್ಯನ ಮಂತ್ರ ಅವನ ಹೆಂಡ್ತಿ ಹಲ್ಲುನೋವಿಗೇ ತಾಗಲಿಲ್ಲ, ಹಾವಿಗೆ ತಾಗತೈತಾ?" ಎಂದು ಚನ್ನವೀರಮ್ಮ ಸೆರಗು ಸಿಗಿಸಿ ಸಾಲು ಹಾರಿ ಬಂದಳು. ಕಿಷ್ಟಮ್ಮನ ಹಿಮ್ಮಡಿಯ ಮೇಲೆ ಎರಡು ತೂತು, ಎರಡರಿಂದಲೂ ರಕ್ತ ಜಿನುಗುತ್ತಿತ್ತು. ಕಾಲು ಕಣ್ಣೆದುರೇ ಊದುತ್ತಿತ್ತು. ಚನ್ನವೀರಮ್ಮನ ಕೈ ಆಗಲೇ ಸೊಂಟದ ಚೀಲದಿಂದ ಫೋನು ತೆಗೆದು ನೂರಾ ಎಂಟು ಒತ್ತಿತ್ತು.

ಎರಡೇ ರಿಂಗಿಗೆ ಅತ್ತ ಕಡೆಯಿಂದ ಒಬ್ಬ ಹುಡುಗಿಯ ತಣ್ಣನೆಯ ದನಿ ಬಂತು. "ಹೇಳಿ ಮೇಡಂ, ಏನಾಗಿದೆ?"

ಕನ್ನಡ! ಚನ್ನವೀರಮ್ಮನಿಗೆ ತವರಿನ ಬಾವಿ ನೀರು ಕುಡಿದಷ್ಟು ಹಿತವಾಯಿತು. "ಹಾವು ಕಚ್ಚೈತ್ರಿ ಯವ್ವಾ, ಕೊಳಕಮಂಡಲ. ಲಗೂನ ಗಾಡಿ ಕಳಸ್ರಿ!"

"ಗಾಬರಿಯಾಗಬೇಡಿ. ಯಾವ ಜಿಲ್ಲೆ, ಯಾವ ತಾಲೂಕು?"

"ತಾಲೂಕಲ್ಲರೀ, ಮಂಡಲ. ಕೆ.ಟಿ. ದೊಡ್ಡಿ ಮಂಡಲ, ಗದ್ವಾಲ ಜಿಲ್ಲಾ."

ಹುಡುಗಿಯ ಕೀಲಿಮಣೆ ಟಕಟಕ ಎಂದಿತು. "ಮೇಡಂ, ಅದು ತೆಲಂಗಾಣ. ನಿಮ್ಮ ಕಾಲ್ ಬೆಂಗಳೂರಿಗೆ ಬಂದಿದೆ. ನಾನೇ ಅವರಿಗೆ ಕನೆಕ್ಟ್ ಮಾಡ್ತೀನಿ, ಲೈನಲ್ಲೇ ಇರಿ. ಕಾಲು ಅಲ್ಲಾಡಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸಬೇಡಿ..."

ಅಷ್ಟಕ್ಕೆ ಲೈನು ಸತ್ತಿತು.

ಚನ್ನವೀರಮ್ಮ ಹಣೆ ಬಡಿದುಕೊಂಡಳು. ಇದು ಅವಳಿಗೆ ಹೊಸದಲ್ಲ. ಆ ಹೊಲದಲ್ಲಿ ಫೋನಿಗೆ ಯಾವಾಗಲೂ ಹಳ್ಳದಾಚೆಯ ರಾಯಚೂರು ಟವರೇ ಗಂಟುಬೀಳುತ್ತಿತ್ತು. ಗದ್ವಾಲದ ಟವರು ಸಿಗಬೇಕಾದರೆ ಊರಿನ ನೀರಿನ ಟ್ಯಾಂಕು ಹತ್ತಬೇಕು. ಟ್ಯಾಂಕಿಗೆ ಓಡಿ, ಹತ್ತಿ, ತೆಲುಗಿನಲ್ಲಿ ಎಲ್ಲ ಹೇಳಿ, ಗಾಡಿ ಅಷ್ಟು ದೂರದಿಂದ ಬಂದು, ಆಮೇಲೆ ಹೊಲದ ಕೆಸರು ದಾರಿ. ಅವಳು ಕಿಷ್ಟಮ್ಮನ ಕಡೆ ನೋಡಿದಳು. ಕಿಷ್ಟಮ್ಮ ತುಟಿ ಕಚ್ಚಿಕೊಂಡು ಬೆವರುತ್ತಿದ್ದಳು. ಮಾತಿಗೆ ಮಾತು ಕೊಡುವವಳು ಸುಮ್ಮನೆ ಕೂತದ್ದನ್ನು ಕಂಡು ಚನ್ನವೀರಮ್ಮನಿಗೆ ನಿಜವಾಗಿ ಹೆದರಿಕೆಯಾಯಿತು. ಇವಳಿಲ್ಲದ ಹೊಲ ತನಗೆ ಬೇಡವೇ ಬೇಡ ಎನ್ನಿಸಿತು.

ಮತ್ತೆ ಒತ್ತಿದಳು. ಈ ಸಲ ಗಂಡು ದನಿ. "ಹೇಳಿ ಅಮ್ಮ, ಯಾವ ಜಿಲ್ಲೆ?"

ಚನ್ನವೀರಮ್ಮ ಹಳ್ಳದ ಆ ದಡವನ್ನು ನೋಡಿದಳು. ಜೋಳದ ಹೊಲದ ಮೇಲೆ ಕರಿಕಲ್ಲದೊಡ್ಡಿಯ ಹನುಮಪ್ಪನ ಗುಡಿ ಬೆಳ್ಳಗೆ ಕಾಣುತ್ತಿತ್ತು.

"ರಾಯಚೂರು ಜಿಲ್ಲಾರೀ" ಎಂದಳು, ದನಿ ಒಂದಿಷ್ಟೂ ಅಲುಗದ ಹಾಗೆ. "ಕರಿಕಲ್ಲದೊಡ್ಡಿ. ಹನುಮಪ್ಪನ ಗುಡಿ ಮುಂದ ಅದೀವಿ."

"ಪೇಷೆಂಟ್ ಅಲ್ಲೇ ಇದ್ದಾರಾ?"

"ಇಲ್ಲೇ ಅದಾಳರೀ, ಗುಡಿ ಕಟ್ಟಿ ಮ್ಯಾಲೆ ಮಲಗಿಸೀವಿ!"

"ಗಾಡಿ ಹೊರಡ್ತಿದೆ. ಫೋನ್ ಆನ್ ಇಟ್ಕೊಳ್ಳಿ."

ಹೆಂಗಸರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. "ದೊರಸಾನಿ, ಸುಳ್ಳು ಹೇಳ್ದಿ!" ಎಂದಳು ಮೊಗುಲಮ್ಮ.

"ಸುಳ್ಳು ಹೇಳೀನಿ, ಈಗ ಅದನ್ನ ಖರೇ ಮಾಡ್ಬೇಕು. ಗಾಡಿ ಬರೋದ್ರೊಳಗ ಈಕಿ ಆ ಗುಡಿ ಮುಂದ ಇರಬೇಕು. ಗುಡಿಸಲಾಗಿನ ಹೊರಸು ತರ್ರಿ!"

ರಸ್ತೆಯಲ್ಲಿ ಸುತ್ತಿ ಬಂದರೆ ಕರಿಕಲ್ಲದೊಡ್ಡಿ ಬಹಳ ದೂರ. ಹಳ್ಳ ಇಳಿದು ಹತ್ತಿದರೆ ಒಂದು ಕೂಗಳತೆ. ಆದರೆ ಮೂರು ದಿನ ಮಳೆ ಬಂದು ಹಳ್ಳ ಕೆಂಪಗೆ ಹರಿಯುತ್ತಿತ್ತು. ಇಬ್ಬರು ಓಡಿ ಹೋಗಿ ಕಾವಲಿನ ಗುಡಿಸಲಿನಿಂದ ನುಲಿ ಹೆಣೆದ ಹಗುರ ಮಂಚ ಹೊತ್ತು ತಂದರು. ಅದನ್ನು ಕಂಡದ್ದೇ ತಡ, ಇಷ್ಟು ಹೊತ್ತು ಸುಮ್ಮನಿದ್ದ ಕಿಷ್ಟಮ್ಮನಿಗೆ ಜೀವ ಬಂತು. ಎರಡೂ ಕೈಯಲ್ಲಿ ಹತ್ತಿ ಗಿಡ ಹಿಡಿದುಕೊಂಡು "ನಾ ಏರಂಗಿಲ್ಲ!" ಎಂದಳು.

"ಯಾಕ ಏರಂಗಿಲ್ಲ?"

"ನಾಕು ಹೆಗಲ ಮ್ಯಾಲೆ ಹೋಗೋದು ಹೆಣ. ನಾ ಇನ್ನಾ ಸತ್ತಿಲ್ಲ. ಬದುಕಿದ್ದಾಗ ಹಂಗ ಹೋದಾಕಿ ತಿರುಗಿ ಬರಂಗಿಲ್ಲ."

"ಖರೇ ಐತಿ ದೊರಸಾನಿ" ಎಂದಳು ಮೊಗುಲಮ್ಮ. "ಅಪಶಕುನ. ನಮ್ಮ ಅತ್ತೀನ್ನ ಹಿಂಗಾ ಒಯ್ದಿದ್ರು." ಉಳಿದವರೂ ಎರಡು ಹೆಜ್ಜೆ ಹಿಂದೆ ಸರಿದರು. ಹೊರಸಿನ ಕಾಲು ಹಿಡಿಯುವವರೇ ಇಲ್ಲ.

ಬೈದರೆ ಆಗುವ ಕೆಲಸವಲ್ಲ ಇದು ಎಂದು ಚನ್ನವೀರಮ್ಮನಿಗೆ ತಿಳಿಯಿತು. ಹಾವಿಗೆ ಹೆದರದ ಹೆಂಗಸರು ಶಕುನಕ್ಕೆ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೆ ಅಳುಕಿತ್ತು. ಗಡಿಯಾರದ ಮುಳ್ಳು ಎದೆಯೊಳಗೇ ತಿರುಗುತ್ತಿದೆ ಅನ್ನಿಸುತ್ತಿತ್ತು. ಥಟ್ಟನೆ ಒಂದು ಮಾತು ಹೊಳೆಯಿತು.

"ಏ, ಹೆಣ ಹೊರೋರು ಯಾರು? ಹೇಳ್ರಿ!"

"ಗಂಡಸ್ರು" ಎಂದಳು ಮೊಗುಲಮ್ಮ.

"ಹೆಂಗಸ್ರು ಎಂದಾರ ಹೆಣಕ್ಕ ಹೆಗಲು ಕೊಟ್ಟಾರೇನು? ನಿಮ್ಮಜ್ಜಿ ಕಾಲದಾಗ? ನಿಮ್ಮ ಮುತ್ತಜ್ಜಿ ಕಾಲದಾಗ?"

"ಇಲ್ಲ ಬಿಡವಾ."

"ಮತ್ತ? ಇಲ್ಲಿ ಒಬ್ಬ ಗಂಡ್ಸು ಅದಾನೇನು? ನಾವು ಹೊತ್ರ ಅದು ಹೆಣ ಹ್ಯಾಂಗ ಆಗತೈತಿ? ಪಲ್ಲಕ್ಕಿ ಅದು, ಪಲ್ಲಕ್ಕಿ! ಸುಮ್ಕ ಏರು ಕಿಷ್ಟಿ, ನಿನ್ನ ಹೊರಾಕ ಇನ್ನೊಮ್ಮಿ ಯಾರೂ ಸಿಗಂಗಿಲ್ಲ."

ಮೊಗುಲಮ್ಮ ಒಂದು ಕ್ಷಣ ಯೋಚಿಸಿದಳು. ಲೆಕ್ಕ ಸರಿಯಾಗಿತ್ತು. "ಹೌದಲ್ಲಾ!" ಎಂದು ಸೀರೆ ಮೇಲಕ್ಕೆತ್ತಿ ಕಚ್ಚೆ ಹಾಕಿದಳು. ಮರುಗಳಿಗೆಯಲ್ಲಿ ಎಲ್ಲರೂ ಹೊರಸಿಗೆ ಮುಗಿಬಿದ್ದರು. ಕಿಷ್ಟಮ್ಮನ ಕಾಲನ್ನು ಅಲುಗದಂತೆ ಸಲಿಕೆಯ ಮರದ ಕಾವಿಗೆ ಸೇರಿಸಿ ಸಡಿಲವಾಗಿ ಸೆರಗು ಸುತ್ತಿ, ಎತ್ತಿ ಮಲಗಿಸಿದರು. ತಲೆಯ ಕಡೆಯ ಒಂದು ಕಾಲಿಗೆ ಚನ್ನವೀರಮ್ಮ ತಾನೇ ಹೆಗಲು ಕೊಟ್ಟಳು.

ಹಳ್ಳದ ನೀರು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಕಾಲಡಿಯ ಉಸುಕು ಜಾರುತ್ತಿತ್ತು. "ಎತ್ತಿ ಹಿಡೀರಿ! ಎಡಕ್ಕ! ಎಡಕ್ಕ ಅಂದ್ರ ಊಟ ಮಾಡೋ ಕೈ ಅಲ್ಲಾ!" ಎಂದು ಚನ್ನವೀರಮ್ಮ ಗದರಿದಳು. ಹೆಂಗಸರು ಏದುಸಿರಿನ ನಡುವೆಯೂ ನಗುತ್ತಿದ್ದರು. ಹೆದರಿಕೆಯೋ ಹುರುಪೋ ಅವರಿಗೇ ಗೊತ್ತಿರಲಿಲ್ಲ. ಮೇಲೆ ಮಲಗಿದ್ದ ಕಿಷ್ಟಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಅಷ್ಟೂ ದೇವರ ಹೆಸರನ್ನು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕರೆಯುತ್ತಿದ್ದಳು. ಅವಳ ವಸಡಿನಿಂದ ಸಣ್ಣಗೆ ರಕ್ತ ಬರುತ್ತಿದ್ದುದು ಚನ್ನವೀರಮ್ಮನಿಗೆ ಮಾತ್ರ ಕಂಡಿತು. ಅವಳು ಹೆಜ್ಜೆ ಬಿರುಸು ಮಾಡಿದಳು.

ನಡುಹಳ್ಳದಲ್ಲಿ ಫೋನು ಹೊಡೆದುಕೊಂಡಿತು. ಅದನ್ನು ಅವಳು ತಲೆಯ ಮೇಲೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಒಂದೇ ಕೈಯಲ್ಲಿ ತಡಕಿ ಕಿವಿಗೆ ಹಿಡಿದಳು.

"ಅಂಬುಲೆನ್ಸಿನವ್ರು ಮಾತಾಡೋದು. ಗುಡಿ ಮುಂದ ನಿಂತೀವಿ. ಎಲ್ಲದೀರಿ? ಇಲ್ಲಿ ಯಾರಿಗೂ ಹಾವು ಕಚ್ಚಿಲ್ಲ ಅಂತಾರ ಊರವರು. ಸುಳ್ಳು ಫೋನ್ ಮಾಡಿದ್ರ..."

"ಬಂದೀವಿರೀ! ಬಂದೀವಿ! ಹೋಗಬ್ಯಾಡ್ರಿ!"

ಫೋನು ಗಪ್ಪಾಯಿತು. ನಡುಹಳ್ಳದ ಗಾಳಿಗೆ ಗದ್ವಾಲದ ಟವರು ಸಿಕ್ಕಿತೋ ಏನೋ, ಟಿಣ್ ಎಂದು ಒಂದು ಮೆಸೇಜು ಬಂತು. ತೆಲಂಗಾಣಕ್ಕೆ ಸ್ವಾಗತ.

"ಸ್ವಾಗತ ಮಾಡಾಕ ಇದಾ ಹೊತ್ತು ಸಿಕ್ತೇನು ನಿಂಗ, ಮನಿಹಾಳ!" ಎಂದು ಚನ್ನವೀರಮ್ಮ ಫೋನಿಗೇ ಬೈದಳು. ಪಕ್ಕದಲ್ಲಿದ್ದ ಹೆಣ್ಣುಮಗಳಿಗೆ ಹೆಗಲು ದಾಟಿಸಿ, ನೀರು ಸೀಳಿಕೊಂಡು ದಡ ಹತ್ತಿ, ಜೋಳದ ಹೊಲದೊಳಗೆ ಓಡತೊಡಗಿದಳು. ಜೋಳದ ಗರಿ ಮುಖಕ್ಕೆ ಬರೆ ಎಳೆಯುತ್ತಿತ್ತು. ಒದ್ದೆ ಸೀರೆ ಕಾಲಿಗೆ ಸುತ್ತಿ ಎರಡು ಸಲ ಕೆಡವಿತು. ದಂಟಿನ ಸಂದಿಯಲ್ಲಿ ಬಿಳಿ ಗಾಡಿ ಕಂಡಿತು. ಅದು ಹಿಂದಕ್ಕೆ ಸರಿದು, ತಿರುಗಿ, ರಾಯಚೂರು ರಸ್ತೆಯ ಕಡೆ ಮೂತಿ ಮಾಡುತ್ತಿತ್ತು.

ಚನ್ನವೀರಮ್ಮ ನಿಂತಳು. ಹೊಟ್ಟೆ ತುಂಬ ಗಾಳಿ ಎಳೆದುಕೊಂಡಳು. ಹುಟ್ಟಿದಾರಭ್ಯ ಕೂಗದಂಥ ಒಂದು ಕೂಗು ಕೂಗಿದಳು.

"ನಿಂದ್ರೋ ಯಪ್ಪಾ!"

ಗುಡಿಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಗಾಡಿ ಗಕ್ಕನೆ ನಿಂತಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದವನು ನೀಲಿ ಅಂಗಿಯ ಕೊಟ್ರೇಶ, ಗಾಡಿಯಲ್ಲಿ ಔಷಧ ಕೊಡುವವನು. ಅವನು ಇಳಿಯುವಷ್ಟರಲ್ಲಿ ಚನ್ನವೀರಮ್ಮ ಬಂದು ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು.

"ಪೇಷೆಂಟ್ ಎಲ್ಲಿ?"

"ಬಂದ್ಲು, ಬಂದ್ಲು ನೋಡ್ರಿ!"

ಜೋಳದ ಹೊಲದ ನಡುವಿನ ಹಾದಿಯಲ್ಲಿ ಹೊರಸು ತೇಲಿ ಬರುತ್ತಿತ್ತು. ಕೆಳಗೆ ಕೆಂಪು ನೀರು ಸುರಿಸುವ ಹೆಂಗಸರು, ಮುಂದೆ ಮೊಗುಲಮ್ಮ. ಗುಡಿ ಕಟ್ಟೆಯ ಮೇಲೆ ಕೂತಿದ್ದ ದೇವೇಂದ್ರಪ್ಪ ಎಂಬ ಮುದುಕ ಎದ್ದು ನಿಂತು, "ಇವ್ರು ನಮ್ಮೂರವ್ರಲ್ಲ. ಹಳ್ಳದ ಆಚಿಯವ್ರು, ತೆಲಂಗಾಣದವ್ರು" ಎಂದ.

ಕೊಟ್ರೇಶ ಚನ್ನವೀರಮ್ಮನ ಮುಖ ನೋಡಿದ. ಅವಳು ಕಣ್ಣು ಕೆಳಗೆ ಮಾಡಲಿಲ್ಲ.

"ಹೌದ್ರಿ, ಸುಳ್ಳು ಹೇಳೀನಿ. ನನ್ನ ಜೇಲಿಗೆ ಹಾಕ್ರಿ. ಆದ್ರ ಮೊದಲು ಆಕಿನ್ನ ಗಾಡ್ಯಾಗ ಹಾಕ್ರಿ!"

ಅವನಿಗೆ ನಗು ತಡೆಯಲಾಗಲಿಲ್ಲ. "ಈ ದಡ ಹತ್ತಿದಾಕಿ ನಮ್ಮಾಕೀನ" ಎನ್ನುತ್ತ ಆಗಲೇ ಸ್ಟ್ರೆಚರ್ ಎಳೆದಿದ್ದ. ಕಾಲು ನೋಡಿ, ಸಲಿಕೆ ಕಾವು ನೋಡಿ "ಶಾಣ್ಯಾ ಕೆಲಸ ಮಾಡೀರಿ" ಎಂದ. ವಸಡು ನೋಡಿದಾಗ ಮಾತ್ರ ಅವನ ನಗು ಹೋಯಿತು. "ಜಲ್ದಿ ಹತ್ರಿ."

ಗಾಡಿ ಕೂಗುತ್ತ ಓಡಿತು. ಎಮ್ಮೆ, ಸೈಕಲ್ಲು, ಲಾರಿ ಎಲ್ಲ ಪಕ್ಕಕ್ಕೆ ಸರಿದವು. ಕಿಷ್ಟಮ್ಮನ ತಲೆ ಚನ್ನವೀರಮ್ಮನ ತೊಡೆಯ ಮೇಲಿತ್ತು. ಹೊಲದಲ್ಲಿ ಕಿಷ್ಟಮ್ಮನ ಚಹಾದ ಲೋಟ ಬೇರೆ ಇರುತ್ತಿತ್ತು, ಉಣ್ಣುವ ಬದು ಬೇರೆ ಇರುತ್ತಿತ್ತು. ಅದು ಯಾಕೆ ಹಾಗೆ ಎಂದು ಇಷ್ಟು ವರ್ಷ ಚನ್ನವೀರಮ್ಮ ಕೇಳಿಕೊಂಡಿರಲಿಲ್ಲ. ಈಗ ಅವಳ ಬಾಯಿಯ ರಕ್ತವನ್ನು ತನ್ನ ಸೆರಗಿನಿಂದ ಒರೆಸುತ್ತ ನಾಚಿಕೆಯಾಯಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಿಷ್ಟಮ್ಮನ ರಕ್ತ ತೆಗೆದು ಒಂದು ಸಣ್ಣ ಗಾಜಿನ ನಳಿಗೆಯಲ್ಲಿ ಇಟ್ಟಳು. "ಹೆಪ್ಪುಗಟ್ಟಿದರೆ ವಿಷ ಕಡಿಮೆ ಅಂತ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಹರಿಯಿತು. ಬಾಟಲಿಯ ಮೇಲೆ ಬಾಟಲಿ ಔಷಧ ಏರಿಸಿದರು. ಚನ್ನವೀರಮ್ಮ ಒದ್ದೆ ಸೀರೆಯಲ್ಲೇ ಗೋಡೆಗೆ ಒರಗಿ ನಿಂತಳು. ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಾಗೆ ಸುಮ್ಮನಿದ್ದುದು ಅವಳ ಬದುಕಿನಲ್ಲಿ ಅದೇ ಮೊದಲು ಎಂದು ಊರಿನಲ್ಲಿ ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಿಯಾರು.

ಇಳಿಹೊತ್ತಿಗೆ ಡಾಕ್ಟರಮ್ಮ ಇನ್ನೊಂದು ನಳಿಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದಳು. ಪೂರಾ ಬೋರಲು ಮಾಡಿದಳು. ರಕ್ತ ಒಂದು ತೊಟ್ಟೂ ಜಾರಲಿಲ್ಲ.

"ಕಟ್ಟಿದೆ" ಎಂದು ನಕ್ಕಳು. "ಇನ್ನು ಪರವಾಗಿಲ್ಲ. ಇವರ ಕಡೆಯವರು ನೀವೇನಾ? ಏನಾಗಬೇಕು?"

ಚನ್ನವೀರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಹಾಸಿಗೆಯಿಂದ ಸಣ್ಣ ದನಿ ಕೇಳಿತು.

"ಆಕಿ ನನ್ನ ತಂಗಿರೀ" ಎಂದಳು ಕಿಷ್ಟಮ್ಮ, ಕಣ್ಣು ಪೂರಾ ತೆರೆಯದೆ. "ಸಣ್ಣಾಕಿ. ಬಾಯಿ ಜಾಸ್ತಿ, ಸೈಸಿಕೊಳ್ರಿ."

ಚನ್ನವೀರಮ್ಮ ನೆಲದ ಮೇಲೆ ಕುಸಿದು ಕೂತು, ಹಾಸಿಗೆಯ ಅಂಚಿಗೆ ಹಣೆ ಇಟ್ಟು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಅತ್ತಳು.

"ಹೌದ್ರಿ" ಎಂದಳು. "ಈಕಿ ನಮ್ಮಕ್ಕ."