ಮೂಗಪ್ಪನ ಮನೆಗೆ ಇರುವೆ ಬರುವುದಿಲ್ಲ

ಮೂಗಪ್ಪನ ಮೂಗಿನ ಮುಂದೆ ಪೊಲೀಸ್ ನಾಯಿಗಳು ಬಾಲ ಮುದುರಿ ಕೂರುತ್ತಿದ್ದವು. ಒಂದು ಹಿಡಿ ಮಣ್ಣು ಮೂಸಿದರೆ ಸಾಕು, ಅದಕ್ಕೆ ಸೇರಿರುವುದು ಪೆಟ್ರೋಲೋ ಡೀಸೆಲ್ಲೋ, ಸೋರಿದ್ದು ಮೊನ್ನೆಯೋ ಅಜ್ಜನ ಕಾಲದಲ್ಲೋ, ಎಲ್ಲವನ್ನೂ ಹೇಳಿಬಿಡುತ್ತಿದ್ದ. ಸೋರುವಾಗ ಬಂಕಿನ ಯಜಮಾನ ಯಾವ ಮಗ್ಗುಲಲ್ಲಿ ಮಲಗಿದ್ದ ಎಂಬುದನ್ನೂ ಹೇಳುತ್ತಿದ್ದನೋ ಏನೋ, ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಳೇ ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕನ್ನು ಕಿತ್ತಾಗ, ಸುತ್ತಲಿನ ಮಣ್ಣು ಕೆಟ್ಟಿದೆಯೋ ಇಲ್ಲವೋ ಎಂದು ಮಾದರಿ ತೆಗೆದು ನೋಡುವುದು ಅವನ ಕಸುಬು. ಕಂಪನಿ ಅದಕ್ಕೆಂದೇ, ಪೆಟ್ರೋಲಿನ ಆವಿ ತಾಕಿದರೆ ಚೀರುವ ಒಂದು ಮೀಟರು ಕೊಟ್ಟಿತ್ತು. ಅದು ಚೀಲದ ತಳದಲ್ಲಿ ಗೊರಕೆ ಹೊಡೆಯುತ್ತ ಬಿದ್ದಿರುತ್ತಿತ್ತು.

ಮೂಗು ಬಿಟ್ಟರೆ ಅವನು ಜಂಬ ಕೊಚ್ಚುತ್ತಿದ್ದುದು ಇನ್ನೆರಡು ವಿಷಯಕ್ಕೆ. ಅವನ ಮನೆಯಲ್ಲಿ ಇರುವೆಯಿಲ್ಲ, ಜಿರಲೆಯಿಲ್ಲ, ಸೊಳ್ಳೆಯಂತೂ ಬಾಗಿಲಲ್ಲೇ ಕ್ಷಮೆ ಕೇಳಿ ವಾಪಸಾಗುತ್ತದೆ. ಸಕ್ಕರೆ ಡಬ್ಬಿಯ ಮುಚ್ಚಳ ಕಳೆದು ಯಾವ ಕಾಲವಾಯಿತೋ. ಮತ್ತೊಂದು, ಮೊಮ್ಮಗಳು. ಮಗಳ ಜೊತೆ ಬಂದ ಆ ಎಳೆಗೂಸು ಮೊದಲ ವಾರ ಊರೆಲ್ಲ ಒಂದಾಗುವಂತೆ ಕಿರುಚಿ, ಆಮೇಲೆ ತೆಪ್ಪಗಾಗಿತ್ತು. ತಂಪೆಂದು ನೆಲಮಾಳಿಗೆಯ ಕೋಣೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಹಾಲು ಕುಡಿಯಲೂ ಎಬ್ಬಿಸಬೇಕು, ಅಂಥ ನಿದ್ದೆ. “ಅಳೋದೇ ಇಲ್ಲ, ಬಂಗಾರ!” ಎಂದು ಮೂಗಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಬಂದ ದಿನ ಮಗಳು ಮೂಗು ಮುಚ್ಚಿಕೊಂಡಿದ್ದಳು. “ಅಪ್ಪಾ, ಕೆಳಗಡೆ ಏನೋ ವಾಸನೆ.”

“ನನ್ನ ಮೂಗಿಗೆ ಬರದ ವಾಸನೆ ನಿನ್ನ ಮೂಗಿಗೆ ಬಂತಾ? ಅದು ನಿಮ್ಮಮ್ಮನ ಕಡೆ ಮೂಗು ತಾಯಿ, ನೆಚ್ಚಬೇಡ.”

ಅವಳು ಒಂದೆರಡು ದಿನ ಗೊಣಗಿದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ತಲೆನೋವು ಎನ್ನುತ್ತಿದ್ದಳು, ಅಷ್ಟೇ.

ಈ ಸಲ ಟ್ಯಾಂಕು ಕೀಳುವ ಕೆಲಸ ಬಿದ್ದದ್ದು ಅವನ ಹಿತ್ತಿಲ ಗೋಡೆಯಾಚೆಯ ಬಂಕಿನಲ್ಲಿ. ಎಂದೋ ಮುಚ್ಚಿದ ಬಂಕು. ಜೆಸಿಬಿ ಹಿಡಿದೆತ್ತಿದಾಗ ಟ್ಯಾಂಕು ಸತ್ತ ತಿಮಿಂಗಿಲದಂತೆ ಮೇಲೆದ್ದು, ಅರ್ಧ ಊರಿಗೆ ಕತ್ತಲು ಕವಿಸಿತು. ಅದರ ಹೊಟ್ಟೆಯಡಿ ಕಿರುಬೆರಳು ತೂರುವಷ್ಟು ತೂತು. ತೂತಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಸೋರುವುದೆಲ್ಲ ಸೋರಿ ಮುಗಿದಿತ್ತು.

ಜೆಸಿಬಿ ಡ್ರೈವರ್ ಗುಂಡಿಯ ಗೋಡೆ ಕೆರೆದು, ಬಕೆಟ್ ತುಂಬ ಮಣ್ಣು ತಂದು ಮುಂದಿಟ್ಟ. “ಮೂಗಪ್ಪಣ್ಣ, ನೀನು ಮೂಸೋದೆಲ್ಲ ನಾಟಕ, ಮಣ್ಣಿನ ಬಣ್ಣ ನೋಡಿ ಹೇಳ್ತೀಯ ಅಂತಾರೆ. ಎಲ್ಲಿ, ಇವತ್ತು ಕಣ್ಣು ಮುಚ್ಚಿ ಹೇಳು ನೋಡೋಣ.”

“ಕಣ್ಣಲ್ಲ, ಬೇಕಾದರೆ ಕಿವೀನೂ ಮುಚ್ಚಿ ಹೇಳ್ತೀನಿ.” ಮೂಗಪ್ಪ ಕಣ್ಣು ಮುಚ್ಚಿ, ಬೊಗಸೆ ಮಣ್ಣೆತ್ತಿ, ಊರಿನ ಗಾಳಿಯೆಲ್ಲ ಖಾಲಿಯಾಗುವಂತೆ ಉಸಿರೆಳೆದ. “ಹಾಲಿನಂಥ ಮಣ್ಣು ಕಣೋ. ಹೂವಿನ ಕುಂಡಕ್ಕೆ ಹಾಕು.”

ಡ್ರೈವರ್ ನಗಲಿಲ್ಲ. “ಅಣ್ಣಾ, ನನಗೆ ಇಲ್ಲಿ ಕೂತ ಕಡೆ ಕಣ್ಣು ಉರೀತಿದೆ. ತಲೆ ಗಿರ್ರ್ ಅಂತಿದೆ. ಕಣ್ಣು ಬಿಟ್ಟು ನೋಡು.”

ಮೂಗಪ್ಪ ಕಣ್ಣು ತೆರೆದ. ಕೈಯಲ್ಲಿದ್ದ ಮಣ್ಣು ಬೂದಿ ಹಸಿರು, ಹೆಣದ ಉಗುರಿನ ಬಣ್ಣ. ಒಂದು ಎರೆಹುಳುವಿಲ್ಲ, ಒಂದೆಳೆ ಬೇರಿಲ್ಲ.

ಮೀಟರನ್ನು ಹುಡುಕಿ ತೆಗೆದ. ಪ್ಲಾಸ್ಟಿಕ್ ಚೀಲಕ್ಕೆ ಅರ್ಧದಷ್ಟು ಮಣ್ಣು ಹಾಕಿ, ಬಾಯಿ ಕಟ್ಟಿ, ಬಿಸಿಲಿಗೆ ಹಿಡಿದು, ಮೀಟರಿನ ಕೊಳವೆ ಚುಚ್ಚಿದ. ಅದು ಸತ್ತವರು ಎದ್ದು ಕೂರುವಂತೆ ಚೀರಿತು. ಮತ್ತೆ ಮೂಸಿದ. ಡ್ರೈವರ್ ತಲೆಗೆ ಹಚ್ಚಿದ ಎಣ್ಣೆ ಬಂತು, ಅವನ ಬುತ್ತಿಯ ಈರುಳ್ಳಿ ಬಂತು, ತುಕ್ಕು ಬಂತು. ಪೆಟ್ರೋಲ್ ಮಾತ್ರ ಇಲ್ಲ. ಯಾರೋ ಮೂಗಿನೊಳಗೆ ಕೈಯಿಟ್ಟು ಅದೊಂದನ್ನೇ ಎತ್ತಿಕೊಂಡು ಹೋದ ಹಾಗೆ. ನಿಜಕ್ಕೂ ಅದನ್ನು ಕೊನೆಯ ಸಲ ಮೂಸಿದ್ದು ಯಾವಾಗ? ನೆನಪಾಗಲಿಲ್ಲ. ಇಷ್ಟು ವರ್ಷ ಕಣ್ಣು ಕಂಡದ್ದಕ್ಕೆ ಮೂಗು ಹೆಸರು ಹೊಡೆದುಕೊಂಡಿತ್ತು.

ಗುಂಡಿಯ ಉಳಿದ ಮಗ್ಗುಲುಗಳ ಮಣ್ಣಿಗೆ ಮೀಟರು ಸುಮ್ಮನಿತ್ತು. ಚೀರಿದ್ದು ಒಂದೇ ಮಗ್ಗುಲಿಗೆ. ಮೂಗಪ್ಪ ಆ ಕಡೆ ತಲೆಯೆತ್ತಿದ. ಹಿತ್ತಿಲ ಗೋಡೆ. ಗೋಡೆಯಾಚೆ ಇಳಿಜಾರಿನಲ್ಲಿ ಅವನದೇ ಮನೆ. ನೆಲಮಾಳಿಗೆಯ ಮುಚ್ಚಿದ ಪುಟ್ಟ ಕಿಟಕಿ ಅವನನ್ನೇ ನೋಡುತ್ತಿತ್ತು.

ಒಂದೇ ವಾಸನೆಯಲ್ಲಿ ಮುಳುಗಿರುವ ಮೂಗು ಅದನ್ನು ಹೇಳುವುದು ನಿಲ್ಲಿಸುತ್ತದೆ ಎಂದು ಕಸುಬಿನ ಮೊದಲ ದಿನವೇ ಕಲಿಸಿದ್ದರು. ಅದಕ್ಕೇ ಮೀಟರು. ಮನೆಯಲ್ಲಿ ಇರುವೆಯಿಲ್ಲ. ಸೊಳ್ಳೆಯಿಲ್ಲ. ಮಗು ಅಳುವುದಿಲ್ಲ.

ಆನೆ ಹತ್ತಲಾಗದ ಆ ಗೋಡೆಯನ್ನು ಮೂಗಪ್ಪ ತನ್ನ ಹೊಟ್ಟೆಯ ಸಮೇತ ಒಂದೇ ನೆಗೆತಕ್ಕೆ ಹಾರಿದ.

“ರೀ, ಮನೆಗೆ ಬಾಗಿಲಿಲ್ವಾ?” ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಕೂಗಿದಳು.

“ಮಗು ಎಲ್ಲೇ?”

“ಕೆಳಗಡೆ. ನಿದ್ದೆ.”

“ಒಳಗೆ ಬರಬೇಡ. ಸ್ವಿಚ್ ಮುಟ್ಟಬೇಡ, ಕಿಡಿ ಹಾರೀತು!”

ಮೆಟ್ಟಿಲು ಇಳಿದಂತೆಲ್ಲ ಕೈಯಲ್ಲಿದ್ದ ಮೀಟರಿನ ದನಿ ಏರಿತು. ಕೆಳಗೆ ಗಾಳಿ ತಂಪಾಗಿ, ಶುದ್ಧವಾಗಿ, ಏನೂ ಇಲ್ಲದಂತೆ ನಿಂತಿತ್ತು. ತೊಟ್ಟಿಲ ಪಕ್ಕ ಮಗಳು ಬಾಯಿ ತೆರೆದು ಮಲಗಿದ್ದಳು. ಆ ಚೀರಾಟಕ್ಕೆ ಇಬ್ಬರಲ್ಲಿ ಒಬ್ಬರೂ ಮಿಸುಕಲಿಲ್ಲ. ಮಗುವನ್ನೆತ್ತಿದ. ಒದ್ದೆ ಬಟ್ಟೆಯಂತೆ ಕೈಮೇಲೆ ಜೋತುಬಿತ್ತು. ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಮೆಟ್ಟಿಲು ಹತ್ತಿದ.

ಬೀದಿಯಲ್ಲಿ ಮಗುವಿನ ಮುಖಕ್ಕೆ ಗಾಳಿ ಬೀಸಿದರು, ಅಂಗಾಲು ತಿಕ್ಕಿದರು. ತುಟಿ ಅಲುಗಲಿಲ್ಲ. ಎಚ್ಚೆತ್ತ ಮಗಳು ಅಪ್ಪನನ್ನು ನೋಡಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಆಗ ಮಗು ಒಂದು ಸೀನು ಸೀನಿ, ಅತ್ತಿತು. ಏಳು ಬೀದಿಯ ಕಿಟಕಿಗಾಜು ನಡುಗಿದವು. “ಅಳು ನನ್ನವ್ವ, ಇನ್ನೂ ಜೋರಾಗಿ ಅಳು,” ಎನ್ನುತ್ತ ಮೂಗಪ್ಪ ರಸ್ತೆಯಲ್ಲೇ ಕುಸಿದು ಕೂತ.

ಆ ಮಗ್ಗುಲಿನ ಮಣ್ಣನ್ನು ಅವನೇ ಗಾಜಿನ ಸೀಸೆಗೆ, ಗಾಳಿಗೆ ಎಳ್ಳಷ್ಟೂ ಜಾಗವಿಲ್ಲದಂತೆ ಒತ್ತಿ ತುಂಬಿ, ಲ್ಯಾಬಿಗೆ ಕೊಟ್ಟ. ಸಂಸಾರ ಭಾಮೈದನ ಮನೆ ಸೇರಿತು. ಅಲ್ಲಿ ಸಕ್ಕರೆಗೆ ಇರುವೆ ಮುತ್ತಿದ್ದು ಕಂಡು ಮೂಗಪ್ಪ ಕೈಮುಗಿದ.

ಕಂಪನಿಗೆ ರಜೆ ಹಾಕಿ, ಗುಂಡಿಗಳ ಹತ್ತಿರ ಸುಳಿಯದೆ ಕೆಲವು ವಾರ ಕಳೆದ ಮೇಲೆ, ಬಟ್ಟೆಬರೆ ತರಲೆಂದು ಅವನೊಬ್ಬನೇ ಹೋದ. ಬೀಗ ತೆಗೆದು ಬಾಗಿಲು ತಳ್ಳಿದ.

ಅದು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂತು. ದಪ್ಪಗೆ, ಸಿಹಿಸಿಹಿಯಾಗಿ, ಬಂಕಿನ ಗುಂಡಿಯ ಪೆಟ್ರೋಲ್ ವಾಸನೆ. ಗೋಡೆಯಲ್ಲಿ, ಚಾಪೆಯಲ್ಲಿ, ಗೂಟಕ್ಕೆ ನೇತುಹಾಕಿದ್ದ ಅವನದೇ ಅಂಗಿಯಲ್ಲಿ. ಇಷ್ಟು ವರ್ಷ ಪ್ರತಿ ಸಂಜೆ ಹೀಗೇ ಬಾಗಿಲವರೆಗೆ ಬಂದು, ಅವನು ಚಪ್ಪಲಿ ಬಿಡುವ ಮೊದಲೇ ಎದೆಯೊಳಗೆ ಇಳಿಯುತ್ತಿದ್ದಿರಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿ ತೆರೆದೇ ಇತ್ತು. ಸಕ್ಕರೆ ಬೆಳ್ಳಗೆ ಹೊಳೆಯುತ್ತಿತ್ತು.